ಸವೆಯುವ ಕೀಲು, ಕರಗುವ ಎಲುಬು
(ಬಾನುಲಿ ಭಾಷಣ)



ಕನ್ನಡದಲ್ಲಿ ‘ಕೀಲು’ ಎಂಬ ಮಾತು ಬಡಗಿಯ ಮನೆಯಲ್ಲಿಯೂ ಬಳಕೆಯಲ್ಲಿದೆ, ವೈದ್ಯನ ಮನೆಯಲ್ಲಿಯೂ ಬಳಕೆಯಲ್ಲಿದೆ. ಬಂಡಿಯ ಅಚ್ಚಿನ ತುದಿಯಲ್ಲಿ ಗಾಲಿ ಕಳಚದಂತೆ ತಡೆಯುವುದು ಕಡೆಗೀಲು. ಅಚ್ಚಿಗೆ ಸವರುವುದು ಕೀಲೆಣ್ಣೆ. ನಮ್ಮ ಮೈಯಲ್ಲಿ ಎಲುಬು ಎಲುಬನ್ನು ಕೂಡುವ ಎಡೆಯೂ ಕೀಲೇ. ಒಡಲನ್ನು ಬಂಡಿಗೆ ಹೋಲಿಸಿದವರು ನಮ್ಮ ವಚನಕಾರರಲ್ಲಿದ್ದಾರೆ. ಕನ್ನಡ ಪಾಠ ಹೇಳುತ್ತ ಬಂದ ನನಗೆ ಅದು ಬಹುಕಾಲ ಒಂದು ಹೋಲಿಕೆ ಮಾತ್ರವಾಗಿತ್ತು. ಹೋಲಿಕೆಯೊಳಗಿನ ನಿಜ ತಿಳಿದದ್ದು, ಅಜ್ಜಂಪುರದಲ್ಲಿರುವ ನನ್ನ ಅಕ್ಕನ ಸೊಂಟದ ಕೀಲನ್ನು ಎರಡನೆಯ ಸಲ ಬದಲಾಯಿಸಬೇಕಾಗಿ ಬಂದಾಗ.

ಅಜ್ಜಂಪುರ ಅಮೃತಮಹಲ್ ರಾಸುಗಳ ಸಂವರ್ಧನ ಕೇಂದ್ರವಿರುವ ಊರು. ಆ ಕಡೆಯ ಹಿರಿಯರಿಗೆ ಬಂಡಿಯ ವಿಚಾರ ಹೊಸದಾಗಿ ಹೇಳಬೇಕಾಗಿಲ್ಲ. ನಾನು ಹುಡುಗನಾಗಿದ್ದಾಗ ಗಾಲಿಯನ್ನು ಕಳಚಿ ಅಚ್ಚನ್ನು ಒರೆಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೈಗೆ ಕಪ್ಪು ಜಿಡ್ಡು ಹತ್ತುತ್ತಿತ್ತು. ಆ ಕಪ್ಪಿನಲ್ಲಿ ಎಣ್ಣೆಯೊಂದೇ ಅಲ್ಲ, ಉಜ್ಜಿ ಉಜ್ಜಿ ಉದುರಿದ ಕಬ್ಬಿಣದ ಹುಡಿಯೂ ಇರುತ್ತಿತ್ತು. ಅದನ್ನು ಒರೆಸಿ ಎಸೆದು, ಹೊಸ ಕೀಲೆಣ್ಣೆ ಸವರಿ, ಮತ್ತೆ ಬಂಡಿ ಹೂಡುತ್ತಿದ್ದರು. ಮನುಷ್ಯನ ಮೈಯೊಳಗೆ ಕೂರಿಸಿದ ಕೃತಕ ಕೀಲೂ ಹೀಗೆಯೇ ಸವೆಯುತ್ತದೆ. ಅಲ್ಲಿ ಉದುರಿದ ಹುಡಿಯನ್ನು ಒರೆಸಿ ಹಾಕುವವರು ಯಾರು? ಆ ಹುಡಿಯನ್ನು ಕಂಡು ಎಲುಬು ಏನು ಮಾಡುತ್ತದೆ? ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿರುವ ವಿಷಯ ಇದು.

ಅಕ್ಕನಿಗೆ ಬಲಸೊಂಟದ ಕೀಲನ್ನು ಬದಲಾಯಿಸಿದ್ದು 1998ರಲ್ಲಿ. ಆಗ ಅವಳಿಗೆ ಐವತ್ತು ವರ್ಷ. ಅದಕ್ಕೆ ಮುಂಚೆ ನಾಲ್ಕು ವರ್ಷಗಳ ಕಾಲ ಅವಳು ರಾತ್ರಿ ಮಗ್ಗುಲು ಬದಲಿಸಲೂ ಆಗದೆ ನರಳಿದ್ದನ್ನು ಕಂಡಿದ್ದ ನಮಗೆ, ಶಸ್ತ್ರಚಿಕಿತ್ಸೆಯಾದ ಮೂರು ತಿಂಗಳಿಗೆ ಅವಳು ಸಂತೆಗೆ ನಡೆದು ಹೋಗಿ ಬಂದದ್ದು ಪವಾಡದಂತೆ ತೋರಿತು. ವರ್ಷಕ್ಕೊಮ್ಮೆ ಬಂದು ಎಕ್ಸ್‌ರೇ ತೆಗೆಸಿಕೊಳ್ಳಬೇಕೆಂದು ವೈದ್ಯರು ಹೇಳಿದ್ದರು. ಎರಡು ವರ್ಷ ಹೋಗಿ ಬಂದಳು. ಮೂರನೆಯ ವರ್ಷ ಹೊರಟು ನಿಂತಾಗ, “ನೋವಿಲ್ಲ, ನಡಿಗೆ ಚೆನ್ನಾಗಿದೆ, ಸುಮ್ಮನೆ ಅಷ್ಟು ದೂರ ಏಕೆ ಹೋಗುತ್ತೀಯಕ್ಕ?” ಎಂದವನು ನಾನೇ. “ಹೌದು ಕಣೋ, ನೋವೇ ಇಲ್ಲದ ಮೇಲೆ ಡಾಕ್ಟರ ಮುಂದೆ ಏನಂತ ಹೇಳಿಕೊಳ್ಳಲಿ?” ಎಂದು ಅವಳೂ ಚೀಲವನ್ನು ಕೆಳಗಿಟ್ಟಳು. ಆಮೇಲೆ ಹನ್ನೆರಡು ವರ್ಷ ನಾವು ಆ ಕೀಲನ್ನು ಮರೆತೇಬಿಟ್ಟೆವು.

2013ರಲ್ಲಿ ಒಂದು ದಿನ ತರೀಕೆರೆಯಲ್ಲಿ ಬಸ್ಸಿನಿಂದ ಇಳಿಯುವಾಗ ಅವಳ ತೊಡೆಯ ಸಂದಿನಲ್ಲಿ ಛಳಕ್ಕೆಂದಿತು. ಬಿದ್ದದ್ದಲ್ಲ, ಜಾರಿದ್ದೂ ಅಲ್ಲ. ಬೇರೊಂದು ಊರಿನ ವೈದ್ಯರು ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಟ್ಟಲಿನ ನಟ್ಟನಡುವೆ ಇರಬೇಕಾಗಿದ್ದ ಚೆಂಡು ಮೇಲ್ಬದಿಗೆ ಸರಿದಿತ್ತು. ಬಟ್ಟಲಿನ ಹಿಂದೆಯೂ ತೊಡೆಯೆಲುಬಿನ ಮೇಲ್ತುದಿಯಲ್ಲಿಯೂ ಕಪ್ಪಾದ ಕುಳಿಗಳಿದ್ದವು. “ಇಲ್ಲಿ ಕಪ್ಪಾಗಿ ಕಾಣುವ ಕಡೆಯೆಲ್ಲ ಎಲುಬು ಕರಗಿ ಹೋಗಿದೆ” ಎಂದರು ವೈದ್ಯರು. ಸೋಂಕಿನಿಂದ ಹೀಗಾಯಿತೇ ಎಂದು ಕೀಲಿನ ದ್ರವವನ್ನು ತೆಗೆದು ಪರೀಕ್ಷಿಸಿದರು, ಸೋಂಕಿರಲಿಲ್ಲ. ಎಲುಬು ಕರಗಿದ್ದು ಕೀಲಿನ ಹುಡಿಯಿಂದ.

ಇದು ಹೇಗೆ ಸಾಧ್ಯ? ಎಲುಬೆಂದರೆ ಕಲ್ಲಿನಂಥದು, ಜಡವಾದುದು ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ವಾಸ್ತವವಾಗಿ ಎಲುಬು ಜೀವಂತವಾದ ಅಂಗಾಂಶ. ಅದರಲ್ಲಿ ಎರಡು ಬಗೆಯ ಕೆಲಸಗಾರರು ಹಗಲಿರುಳೂ ದುಡಿಯುತ್ತಿರುತ್ತಾರೆ. ಆಸ್ಟಿಯೊಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯ ಎಲುಬನ್ನು ಕರಗಿಸಿ ತೆಗೆಯುತ್ತವೆ. ಆಸ್ಟಿಯೊಬ್ಲಾಸ್ಟ್ ಎಂಬವು ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತವೆ. ಕೆಡವುವುದೂ ಕಟ್ಟುವುದೂ ಸರಿದೂಗಿರುವವರೆಗೆ ಎಲುಬು ಗಟ್ಟಿಯಾಗಿರುತ್ತದೆ. ಹುಡಿ ಬಂದು ಸೇರಿದಾಗ ತಪ್ಪುವುದು ಈ ತೂಕ.

ಕೃತಕ ಸೊಂಟದ ಕೀಲಿನಲ್ಲಿ ಸಾಮಾನ್ಯವಾಗಿ ಲೋಹದ ಅಥವಾ ಪಿಂಗಾಣಿಯಂಥ ಸೆರಾಮಿಕ್‌ನ ಒಂದು ಚೆಂಡು, ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಟ್ಟಲಿನಲ್ಲಿ ತಿರುಗುತ್ತಿರುತ್ತದೆ. ಓಡಾಡುವ ಮನುಷ್ಯನ ಒಂದೊಂದು ಸೊಂಟವೂ ವರ್ಷಕ್ಕೆ ಸುಮಾರು ಹತ್ತು ಲಕ್ಷ ಸಲ ಹೆಜ್ಜೆಯ ಭಾರವನ್ನು ಹೊರುತ್ತದೆಂದು ಲೆಕ್ಕ. ಹಳೆಯ ಬಗೆಯ ಬಟ್ಟಲು ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಸವೆಯುತ್ತಿತ್ತು. ಕೇಳಲು ಇದು ಅಲ್ಪ. ಆದರೆ ಹಾಗೆ ಉದುರಿದ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗಿಂತಲೂ ಚಿಕ್ಕವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಹೀಗಾಗಿ ಒಂದೊಂದು ಹೆಜ್ಜೆಗೂ ಲಕ್ಷಗಟ್ಟಲೆ ಕಣಗಳು ಕೀಲಿನ ದ್ರವಕ್ಕೆ ಸೇರುತ್ತವೆ. ನಡೆಯುವಾಗ ಹಿಂಡಿದಂತಾಗುವ ಆ ದ್ರವ ಕಣಗಳನ್ನು ಹೊತ್ತುಕೊಂಡು ಎಲುಬಿಗೂ ಕೃತಕ ಭಾಗಕ್ಕೂ ನಡುವೆ ಇರುವ ಸಂದುಗಳಿಗೆ ನುಗ್ಗುತ್ತದೆ.

ದೇಹದಲ್ಲಿ ಕಸ ಗುಡಿಸುವ ಜೀವಕೋಶಗಳಿವೆ. ಮ್ಯಾಕ್ರೊಫೇಜ್ ಎಂದು ಅವುಗಳ ಹೆಸರು; ಭಕ್ಷಕ ಕೋಶಗಳೆಂದು ಕರೆಯಬಹುದು. ರೋಗಾಣುಗಳನ್ನು ನುಂಗಿ ಅರಗಿಸಿಕೊಳ್ಳುವುದು ಅವುಗಳ ಕಸುಬು. ಪಾಲಿಎಥಿಲೀನ್ ಕಣದ ಗಾತ್ರ ಹೆಚ್ಚು ಕಡಿಮೆ ಒಂದು ರೋಗಾಣುವಿನಷ್ಟು. ಆದ್ದರಿಂದ ಭಕ್ಷಕ ಕೋಶ ಅದನ್ನೂ ನುಂಗುತ್ತದೆ. ನುಂಗಿದ ಮೇಲೆ ತೊಡಕು ಹುಟ್ಟುತ್ತದೆ. ಅದನ್ನು ಅರಗಿಸುವ ರಸ ಅದರ ಬಳಿ ಇಲ್ಲ. ಅರಗಿಸಲಾರದ ಕೋಶ ಉದ್ರೇಕಗೊಂಡು, ನೆರವಿಗೆ ಬನ್ನಿರೆಂದು ಕೂಗುವಂತೆ ಕೆಲವು ರಾಸಾಯನಿಕ ಸಂದೇಶಗಳನ್ನು ಹೊರಡಿಸುತ್ತದೆ. ಇನ್ನಷ್ಟು ಭಕ್ಷಕ ಕೋಶಗಳು ಬಂದು ಸೇರುತ್ತವೆ. ಮೊದಲಿನದು ಸತ್ತರೆ ಅದರ ಹೊಟ್ಟೆಯೊಳಗಿದ್ದ ಕಣ ಹೊರಬಿದ್ದು ಮತ್ತೊಂದರ ಬಾಯಿಗೆ ಹೋಗುತ್ತದೆ. ಕಣ ಮಾತ್ರ ಹಾಗೆಯೇ ಉಳಿಯುತ್ತದೆ.

ಆ ಸಂದೇಶಗಳು ಅಕ್ಕಪಕ್ಕದ ಎಲುಬಿಗೂ ಮುಟ್ಟುತ್ತವೆ. ಅವುಗಳ ಪ್ರಚೋದನೆಯಿಂದ ರ್‍ಯಾಂಕ್‌ಎಲ್ ಎಂಬ ವಸ್ತುವಿನ ಉತ್ಪತ್ತಿ ಹೆಚ್ಚುತ್ತದೆ. ಎಲುಬು ಕರಗಿಸುವ ಕೋಶಗಳನ್ನು ಹುಟ್ಟಿಸಿ ಕೆಲಸಕ್ಕೆ ಹಚ್ಚುವ ಅಪ್ಪಣೆಯೇ ಅದು. 1990ರ ದಶಕದ ಕೊನೆಯಲ್ಲಿ ಇದು ಪತ್ತೆಯಾದ ಮೇಲೆ ಒಟ್ಟು ಕಥೆಯ ಕೊಂಡಿಗಳು ಕೂಡಿಕೊಂಡವು. ಇದೇ ಹೊತ್ತಿಗೆ ಎಲುಬು ಕಟ್ಟುವ ಕೋಶಗಳ ಕೆಲಸವೂ ಕುಂಠಿತವಾಗುತ್ತದೆ. ಕೆಡವುವವರು ಹೆಚ್ಚಿ ಕಟ್ಟುವವರು ತಗ್ಗಿದರೆ ಆಗುವುದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗಮನಿಸಬೇಕಾದ ಅಂಶವೆಂದರೆ, ಪ್ಲಾಸ್ಟಿಕ್ ತಾನಾಗಿ ಎಲುಬನ್ನು ತಿನ್ನುವುದಿಲ್ಲ. ಶುಚಿ ಮಾಡಲು ಹೊರಟ ದೇಹವೇ, ಶುಚಿ ಮಾಡಲಾಗದೆ, ತನ್ನ ಎಲುಬನ್ನು ತಾನು ಕಳೆದುಕೊಳ್ಳುತ್ತದೆ.

ಈ ತಿಳಿವಳಿಕೆ ಸುಲಭವಾಗಿ ದೊರೆತದ್ದಲ್ಲ. ಇಂದಿನ ಸೊಂಟದ ಕೀಲಿನ ಮೂಲಪುರುಷ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ. ಅವರು 1950ರ ದಶಕದ ಕೊನೆಯಲ್ಲಿ ಟೆಫ್ಲಾನ್ ಎಂಬ ಜಾರುವ ಪ್ಲಾಸ್ಟಿಕ್ಕಿನಿಂದ ಬಟ್ಟಲು ಮಾಡಿಸಿ ಸುಮಾರು 300 ರೋಗಿಗಳಿಗೆ ಹಾಕಿದರು. ಆರಂಭದಲ್ಲಿ ಎಲ್ಲರೂ ಸುಖವಾಗಿ ನಡೆದರು. ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದು, ಕೀಲಿನ ಸುತ್ತ ಗಿಣ್ಣಿನಂಥ ಮುದ್ದೆ ಕಟ್ಟಿ, ಎಲುಬು ಸಡಿಲವಾಯಿತು. ಹಾಕಿದ ಕೀಲುಗಳನ್ನು ಚಾರ್ನ್‌ಲಿ ತಾವೇ ಮತ್ತೆ ತೆಗೆಯಬೇಕಾಯಿತು.

1962ರಲ್ಲಿ ಒಬ್ಬ ಮಾರಾಟಗಾರ ಲ್ಯಾಂಕಷೈರಿನ ಮಗ್ಗಗಳ ಯಂತ್ರಭಾಗಗಳಿಗೆ ಬಳಸುತ್ತಿದ್ದ ಒಂದು ಪಾಲಿಎಥಿಲೀನ್ ತುಂಡನ್ನು ತಂದು ತೋರಿಸಿದ. ಚಾರ್ನ್‌ಲಿ ಅದಕ್ಕೆ ಉಗುರು ಒತ್ತಿ ನೋಡಿ, ಪ್ರಯೋಜನವಿಲ್ಲವೆಂದು ಎದ್ದುಹೋದರಂತೆ. ಅವರ ಕಾರ್ಯಾಗಾರದ ಹ್ಯಾರಿ ಕ್ರೇವನ್ ಎಂಬ ಕುಶಲಕರ್ಮಿ ಸುಮ್ಮನಿರಲಿಲ್ಲ. ಅದನ್ನು ಉಜ್ಜುವ ಯಂತ್ರಕ್ಕೆ ಕಟ್ಟಿ ವಾರಗಟ್ಟಲೆ ಓಡಿಸಿದರು. ಟೆಫ್ಲಾನ್ ಒಂದೇ ದಿನದಲ್ಲಿ ಸವೆಯುವಷ್ಟನ್ನು ಅದು ಅಷ್ಟು ದಿನಗಳಲ್ಲಿಯೂ ಸವೆದಿರಲಿಲ್ಲ. ಆದರೂ ಟೆಫ್ಲಾನಿನ ಪಾಠ ಕಲಿತಿದ್ದ ಚಾರ್ನ್‌ಲಿ ದುಡುಕಲಿಲ್ಲ. ಎರಡೂ ವಸ್ತುಗಳ ಹುಡಿಯಿಂದ ಮಾಡಿದ ತುಣುಕುಗಳನ್ನು ತಮ್ಮ ತೊಡೆಯೊಳಗೇ ಇರಿಸಿಕೊಂಡು ಕಾದರು. ಟೆಫ್ಲಾನ್ ಇದ್ದ ಕಡೆ ಗಂಟು ಕಟ್ಟಿತು. ಪಾಲಿಎಥಿಲೀನ್ ಇದ್ದ ಕಡೆ ಗಮನಾರ್ಹವಾದ ಬದಲಾವಣೆ ಕಾಣಲಿಲ್ಲ. ಇದನ್ನು ಅವರು 1963ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ತನ್ನ ತಪ್ಪಿಗೆ ತನ್ನ ಮೈಯನ್ನೇ ಒರೆಗಲ್ಲಾಗಿ ಒಡ್ಡಿದ ಈ ವೈದ್ಯನ ನಡತೆ ನನಗೆ ತುಂಬ ದೊಡ್ಡದಾಗಿ ಕಂಡಿದೆ.

ಪಾಲಿಎಥಿಲೀನ್ ಕೋಟ್ಯಂತರ ಜನರನ್ನು ನಡೆಸಿತು. ಆದರೆ ಹತ್ತು ಹದಿನೈದು ವರ್ಷ ಕಳೆದ ಮೇಲೆ ಅದರ ಸುತ್ತಲೂ ಎಲುಬು ಕರಗುವುದು ಕಂಡುಬಂತು. ಕೀಲನ್ನು ಎಲುಬಿಗೆ ಬೆಸೆಯಲು ಬಳಸುವ ಅಕ್ರಿಲಿಕ್ ಸಿಮೆಂಟೇ ಅಪರಾಧಿಯೆಂದು ಹಲವರು ತಿಳಿದರು. 1987ರಲ್ಲಿ ಅದಕ್ಕೆ ‘ಸಿಮೆಂಟ್ ರೋಗ’ ಎಂಬ ಹೆಸರೂ ಬಿತ್ತು. ಸಿಮೆಂಟಿಲ್ಲದ ಕೀಲುಗಳು ಬಂದವು. ಅವುಗಳ ಸುತ್ತಲೂ ಎಲುಬು ಕರಗಿತು. ಆಗ, ಸಿಮೆಂಟಿನ ಚೂರೂ ಕೇಡು ಮಾಡಬಲ್ಲದಾದರೂ ಮುಖ್ಯ ಕಾರಣ ಬಟ್ಟಲಿನ ಹುಡಿಯೆಂಬುದು ಖಚಿತವಾಯಿತು. ಬಟ್ಟಲುಗಳನ್ನು ರೋಗಾಣುರಹಿತ ಮಾಡಲು ಗಾಳಿಯ ಸಂಪರ್ಕದಲ್ಲಿಯೇ ಗಾಮಾ ಕಿರಣ ಹಾಯಿಸುತ್ತಿದ್ದುದರಿಂದ ಪ್ಲಾಸ್ಟಿಕ್ ಆಮ್ಲಜನಕದೊಡನೆ ಕೂಡಿ ಪೆಡಸಾಗುತ್ತಿತ್ತೆಂಬುದೂ 1990ರ ದಶಕದಲ್ಲಿ ಸ್ಪಷ್ಟವಾಯಿತು. ಆ ದಶಕದ ಕೊನೆಗೆ, ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿಗೊಳಿಸಿದ ಹೊಸ ಪಾಲಿಎಥಿಲೀನ್ ಬಳಕೆಗೆ ಬಂತು. ಅದರ ಸವೆತ ಹಳೆಯದಕ್ಕಿಂತ ಎಷ್ಟೋ ಪಾಲು ಕಡಿಮೆ. ಎಲುಬು ಕರಗುವುದೂ ಅಷ್ಟೇ ಅಪರೂಪವಾಗಿದೆ. ನಮ್ಮ ಅಕ್ಕನದು ಹಳೆಯ ಬಗೆಯ ಕೊನೆಯ ದಿನಗಳ ಕೀಲು.

ಲೋಹಕ್ಕೆ ಲೋಹವೇ ಉಜ್ಜುವ ಕೀಲುಗಳ ಕಥೆ ಬೇರೆ. ಅಲ್ಲಿ ಉದುರುವ ಕೋಬಾಲ್ಟ್, ಕ್ರೋಮಿಯಂ ಕಣಗಳು ಇನ್ನೂ ಸೂಕ್ಷ್ಮ. ರಕ್ತಕ್ಕೂ ಸೇರುತ್ತವೆ, ಕೀಲಿನ ಸುತ್ತಲಿನ ಮಾಂಸವನ್ನೂ ಕೆಡಿಸುತ್ತವೆ. ಅಂಥ ಒಂದು ಬಗೆಯ ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ತಯಾರಕರು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದರು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದು ಬಳಕೆಯಾಗಿತ್ತು. 2018ರಲ್ಲಿ ಪರಿಹಾರದ ಮಾತು ಬಂದಾಗ ಆ ರೋಗಿಗಳಲ್ಲಿ ಬಹುಮಂದಿಯ ಸುಳಿವೇ ಸಿಕ್ಕಿರಲಿಲ್ಲ. ತಮ್ಮ ಮೈಯೊಳಗೆ ಇರುವುದು ಯಾವ ಕೀಲು ಎಂಬುದನ್ನು ತಿಳಿಯದವರು ಅವರಲ್ಲಿ ಎಷ್ಟು ಮಂದಿಯೋ!

ಚಿಕ್ಕ ವಯಸ್ಸಿನವರ ಪಾಲಿಗೆ ಈ ಸವೆತದ ಪ್ರಶ್ನೆ ಇನ್ನೂ ಗುರುತರವಾದುದು. ನಮ್ಮ ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರನ್ನು ಹೊತ್ತ ಕೀಲುಬೇನೆಯೊಂದಿದೆ. 1970ರ ದಶಕದ ನಡುವೆ ಬೆಳಕಿಗೆ ಬಂದ ಅದು ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಹಳ್ಳಿಗಳ ಬಡ ದಲಿತ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಎಳೆಯ ವಯಸ್ಸಿನಲ್ಲಿಯೇ ಸೊಂಟದ ಕೀಲು ಕೆಡುತ್ತದೆ. ಎಪ್ಪತ್ತರ ಮುದುಕಿಗೆ ಹಾಕಿದ ಕೀಲು ಹದಿನೈದು ವರ್ಷ ಬಾಳಿದರೆ ಸಾಕಾದೀತು. ಮೂವತ್ತರ ಕೂಲಿಯಾಳಿಗೆ ಹಾಕಿದ ಕೀಲು ನಲವತ್ತು ವರ್ಷ ಗದ್ದೆ ತೋಟಗಳಲ್ಲಿ ದುಡಿಯಬೇಕು. ಸವೆಯದ ವಸ್ತುವನ್ನು ಅರಸುವುದು ಇಂಥವರಿಗಾಗಿಯೇ ನಡೆಯಬೇಕಾದ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ಬಳಗ ಕೀಲಿನ ಬಟ್ಟಲಿಗೆ ಒಗ್ಗುವ ಪಾಲಿಎಥಿಲೀನ್ ಮಿಶ್ರಣಗಳ ಬಗೆಗೂ, ಕೀಲಿಗೆ ಬಳಸುವ ವಸ್ತುಗಳಿಗೆ ಜೀವಕೋಶಗಳು ತೋರುವ ಪ್ರತಿಕ್ರಿಯೆಯ ಬಗೆಗೂ ಸಂಶೋಧನೆ ನಡೆಸಿದೆ.

ಇನ್ನು ನಮ್ಮ ಊರುಗಳ ಮಾತು. ಮಂಡಿಯ ಕೃತಕ ಕೀಲಿನ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಕಡೂರು, ತರೀಕೆರೆ, ಅಜ್ಜಂಪುರಗಳ ಯಾವ ಮದುವೆಮನೆಗೆ ಹೋದರೂ ಈಗ ಮಂಡಿ ಬದಲಾಯಿಸಿಕೊಂಡ ಒಬ್ಬಿಬ್ಬರಾದರೂ ಸಿಗುತ್ತಾರೆ. ಮಂಡಿಯಿಂದ ಉದುರುವ ಕಣಗಳು ಕೊಂಚ ದೊಡ್ಡವಾದುದರಿಂದ ಎಲುಬು ಕರಗುವ ಭಯ ಸೊಂಟದಷ್ಟಿಲ್ಲ. ಇಲ್ಲವೇ ಇಲ್ಲವೆಂದೂ ಅಲ್ಲ. ಚಿಕಿತ್ಸೆ ಕೊಟ್ಟ ಸುಖವನ್ನು ಅವರು ಮನಸಾರೆ ಹೊಗಳುತ್ತಾರೆ. ಆ ಹೊಗಳಿಕೆ ನ್ಯಾಯವಾದುದೇ. ನನ್ನ ಮಾತು ಕೇಳಿ ಯಾರೂ ಶಸ್ತ್ರಚಿಕಿತ್ಸೆಗೆ ಅಂಜಬಾರದು. ನೋವಿನಿಂದ ಹಾಸಿಗೆ ಹಿಡಿದವರನ್ನು ನಡೆಸಿದ ವಿದ್ಯೆ ಅದು. “ಮತ್ತೆ ತೋರಿಸಿಕೊಂಡಿರಾ?” ಎಂದು ಕೇಳಿದರೆ ಮಾತ್ರ ಬರುವ ಉತ್ತರ ಅಕ್ಕನ ಉತ್ತರವೇ: ನೋವಿಲ್ಲವಲ್ಲ!

ಕೆರೆಗಳ ನಾಡಿನವರು ಹೀಗೆ ಹೇಳಬಾರದು. ಕಡೂರು ತಾಲ್ಲೂಕಿನ ಅಯ್ಯನಕೆರೆ, ಮದಗದ ಕೆರೆಗಳನ್ನು ಕಂಡವರು ನಾವು. ತರೀಕೆರೆಯ ಏರಿಯ ಮೇಲಿನ ಕುರಿಮರಿಗಳ ಮಾತನ್ನು ತೊದಲುತ್ತ ನಾಲಿಗೆ ತಿದ್ದಿಕೊಂಡವರು. ಏರಿಯೊಳಗೆ ಏಡಿ, ಹೆಗ್ಗಣಗಳು ಬಿಲ ತೋಡಿದರೆ ಮೇಲಿನಿಂದ ಕಾಣುವುದಿಲ್ಲ. ಏರಿಯ ಮೇಲೆ ಬಂಡಿಯೂ ಓಡುತ್ತಿರುತ್ತದೆ, ಕುರಿಯೂ ಮೇಯುತ್ತಿರುತ್ತದೆ. ಒಡೆಯುವ ದಿನವೇ ತಿಳಿಯುವುದು. ಆದ್ದರಿಂದಲೇ ಹಿಂದಿನವರು ನೀರುಗಂಟಿಯೆಂಬವನನ್ನು ನೇಮಿಸಿದ್ದರು. ಏರಿ ಚೆನ್ನಾಗಿರುವಾಗಲೇ ಅದರ ಹಿಂಬದಿಯಲ್ಲಿ ನಡೆದು, ಒಸರು ಎಲ್ಲಿದೆಯೆಂದು ನೋಡುವುದು ಅವನ ಕೆಲಸವಾಗಿತ್ತು. ಎಲುಬು ಕರಗುವಾಗ ಬಹುಕಾಲ ನೋವಿರುವುದಿಲ್ಲ. ನೋವು ಬಂದಾಗ ಏರಿ ಒಡೆದಿರುತ್ತದೆ. ನೋವಿಲ್ಲದಾಗ ತೆಗೆಸುವ ಎಕ್ಸ್‌ರೇಯೇ ನಮ್ಮ ನೀರುಗಂಟಿ. ಎಷ್ಟು ವರ್ಷಕ್ಕೊಮ್ಮೆ ತೆಗೆಸಬೇಕೆಂಬುದನ್ನು ಅವರವರ ವೈದ್ಯರು ಹೇಳುತ್ತಾರೆ. ಹೇಳಿದಷ್ಟು ಸಲ ಹೋಗುವುದು ನಮ್ಮ ಕೆಲಸ. ಹುಡಿಯಿಂದ ಎಲುಬು ಕರಗುವುದನ್ನು ತಡೆಯಲೆಂದೇ ಅಂಗೀಕೃತವಾದ ಔಷಧಿ ಇನ್ನೂ ಬಂದಿಲ್ಲ. ಬೇಗ ಕಂಡರೆ, ಉಳಿದ ಭಾಗಗಳು ಗಟ್ಟಿಯಾಗಿದ್ದ ಪಕ್ಷದಲ್ಲಿ, ಸವೆದ ಬಟ್ಟಲಿನ ಒಳಪದರವನ್ನಷ್ಟೆ ಬದಲಾಯಿಸಿ ಪಾರಾಗಬಹುದು.

ಅಕ್ಕನಿಗೆ ಆ ಭಾಗ್ಯವೂ ಇರಲಿಲ್ಲ. ಮೊದಲ ಸಲ ಹಾಕಿದ ಕೀಲು ಯಾವ ತಯಾರಿಕೆಯದು, ಯಾವ ಅಳತೆಯದು ಎಂದು ವೈದ್ಯರು ಕೇಳಿದರು. ಅಂಥ ವಿವರಗಳಿರುವ ಪುಟ್ಟ ಚೀಟಿಗಳನ್ನು ಆಸ್ಪತ್ರೆಯ ಕಾಗದಗಳಿಗೆ ಅಂಟಿಸಿಕೊಟ್ಟಿದ್ದರು. ಮನೆಗೆ ಸುಣ್ಣ ಹೊಡೆಸುವಾಗ ಹಳೆಯ ಕಾಗದಗಳೊಂದಿಗೆ ಅವೂ ಒಲೆಗೆ ಹೋಗಿದ್ದವು. ಮೊದಲ ಆಸ್ಪತ್ರೆಯಲ್ಲಿ ಅಷ್ಟು ಹಳೆಯ ಕಡತ ಸಿಗಲಿಲ್ಲ. ಕೊನೆಗೆ ಎಲ್ಲವನ್ನೂ ತೆಗೆದು, ಕರಗಿದ ಕಡೆಗೆ ದಾನಿಗಳ ಎಲುಬಿನ ಚೂರುಗಳನ್ನು ತುಂಬಿ, ಹೊಸ ಕೀಲು ಕೂರಿಸಿದರು. ಅವಳು ಏಳು ತಿಂಗಳು ಊರುಗೋಲಿನಲ್ಲಿದ್ದಳು. ಈಗಲೂ ಕೋಲಿಲ್ಲದೆ ಅಂಗಳಕ್ಕಿಳಿಯುವುದಿಲ್ಲ.

ಅವಳು ನನ್ನನ್ನು ಒಂದು ದಿನವೂ ಆಕ್ಷೇಪಿಸಲಿಲ್ಲ. ಆದರೆ ಹೊಸ ಕಾಗದಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಸುತ್ತಿ, ದೇವರ ಮನೆಯ ಗೂಡಿನಲ್ಲಿ ಪಂಚಾಂಗದ ಜೊತೆಗೆ ಇಟ್ಟಿದ್ದಾಳೆ. ವರ್ಷಕ್ಕೊಮ್ಮೆ ಯುಗಾದಿ ಕಳೆದ ಮೇಲೆ ನನಗೆ ಕರೆ ಬರುತ್ತದೆ: “ಎಕ್ಸ್‌ರೇಗೆ ಹೋಗಬೇಕು, ಬಾರೋ.” ನಾನು ಮರುಮಾತಾಡದೆ ಹೊರಡುತ್ತೇನೆ. ದಾರಿಯಲ್ಲಿ ಕೆರೆಯ ಏರಿಯೊಂದು ಎದುರಾದಾಗ ಇಬ್ಬರೂ ಅದರ ಹಿಂಬದಿಯನ್ನು ನೋಡುವ ಅಭ್ಯಾಸ ಬೆಳೆದುಬಿಟ್ಟಿದೆ.

ಕೇಳುಗರಲ್ಲಿ ಕೃತಕ ಕೀಲುಳ್ಳವರು ಯಾರಾದರೂ ಇದ್ದರೆ, ಅವರ ಮನೆಯ ಆ ಕಾಗದಗಳು ಎಲ್ಲಿವೆಯೆಂದು ಇಂದೇ ಒಮ್ಮೆ ಹುಡುಕಿ ನೋಡಬೇಕೆಂದು ಕೋರುತ್ತೇನೆ. ಅವರ ಜೊತೆಯಲ್ಲಿರುವ ತಮ್ಮಂದಿರು, ಮಕ್ಕಳು, “ನೋವಿಲ್ಲವಲ್ಲ, ಏಕೆ ಹೋಗುತ್ತೀರಿ?” ಎಂದು ಕೇಳದಿರಲಿ.